ಧ್ರುವಗಳನ್ನು ಕಾಯುವವರು ಯಾರು? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯ ಶಾಲೆ, ಕಾಲೇಜುಗಳಲ್ಲಿ ಅಂಟಾರ್ಕ್ಟಿಕಾ ಮತ್ತು ಆರ್ಕ್ಟಿಕ್ ಬಗ್ಗೆ ಮಾತಾಡುವಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹುಡುಗರು ಕೇಳಿದ್ದು ಇದೆ, ಮೇಷ್ಟ್ರು ಕೇಳಿದ್ದು ಇದೆ, ಸಂಡೂರಿನಲ್ಲಿ ಟಿಪ್ಪರ್ ಓಡಿಸುವವರು ಕೇಳಿದ್ದೂ ಇದೆ. ಎಲ್ಲಿಂದ ಬೇಕಾದರೂ ಓದಲು ಶುರು ಮಾಡಿ.

ಅಲ್ರೀ, ಬಳ್ಳಾರಿ ಬಿಸಿಲಲ್ಲಿ ಕೂತು ಹಿಮದ ಚಿಂತೆ ಯಾಕ್ರೀ?

ಆ ಹಿಮಕ್ಕೂ ನಮಗೂ ಸಂಬಂಧ ಇದೆ. ಹೊಲಕ್ಕೆ ಹೊಡೆಯುವ ಕೆಲವು ಎಣ್ಣೆಗಳ ಅಂಶ, ಕಲ್ಲಿದ್ದಲು ಸುಟ್ಟಾಗ ಹೊರಬರುವ ಪಾದರಸ ಗಾಳಿಯಲ್ಲಿ ಸಾಗಿ ಧ್ರುವ ಮುಟ್ಟುತ್ತವೆ. ಅಲ್ಲಿನ ಹಿಮ ಕರಗಿದರೆ ಕಾರವಾರ, ಮಂಗಳೂರಿನ ದಡದಲ್ಲಿ ಸಮುದ್ರ ಏರುತ್ತದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ಮೊದಲು ಅಗೆದು ಆಮೇಲೆ ಕಾನೂನು ಹುಡುಕಿದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಅದಿರು ತೆಗೆಯುವುದನ್ನು ನಿಲ್ಲಿಸಿ ಅಂದಾಗ ಗುಡ್ಡಗಳು ಹೋಗಿದ್ದವು, ಹಳ್ಳಗಳಲ್ಲಿ ಹೂಳು ತುಂಬಿತ್ತು, ರಸ್ತೆ ಪಕ್ಕದ ಬೆಳೆಯ ಮೇಲೆ ಕೆಂಪು ಧೂಳು ಕೂತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಅಂಟಾರ್ಕ್ಟಿಕಾದಲ್ಲಿ ಗಣಿಗಾಗಿ ಒಂದು ಗುದ್ದಲಿ ಬೀಳುವ ಮೊದಲೇ ದೇಶಗಳೆಲ್ಲ ಕೂತು ಬಾಗಿಲು ಹಾಕಿದವು. ಇದು ಸಾಧ್ಯ ಇದೆ ಅನ್ನುವುದನ್ನು ನಾವು ತಿಳಿದುಕೊಳ್ಳಲೇಬೇಕು, ಅಲ್ವಾ?

ಆ ಭೂಮಿಯ ಪಹಣಿ ಯಾರ ಹೆಸರಲ್ಲಿದೆ?

ಯಾರ ಹೆಸರಲ್ಲೂ ಇಲ್ಲ. ಆದರೆ ಒಂದೊಂದು ಭಾಗ ನಮ್ಮದು ಅನ್ನುವ ದೇಶಗಳು ಏಳು ಇವೆ: ಅರ್ಜೆಂಟೀನಾ, ಚಿಲಿ, ಬ್ರಿಟನ್, ಫ್ರಾನ್ಸ್, ನಾರ್ವೆ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಇದರಲ್ಲಿ ಅರ್ಜೆಂಟೀನಾ, ಚಿಲಿ, ಬ್ರಿಟನ್ ಮೂರೂ ಒಂದೇ ಜಾಗಕ್ಕೆ ಕೈ ಹಾಕಿವೆ.

ಈ ಜಗಳ ದೊಡ್ಡದಾಗುವ ಮೊದಲೇ 1959ರ ಡಿಸೆಂಬರ್ 1ರಂದು 12 ದೇಶಗಳು ವಾಷಿಂಗ್ಟನ್‌ನಲ್ಲಿ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸಹಿ ಹಾಕಿದವು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಬ್ಬರ ಮುಖ ಒಬ್ಬರು ನೋಡದ ಕಾಲ ಅದು, ಆದರೂ ಇಬ್ಬರೂ ಸಹಿ ಹಾಕಿದರು. 1961ರಲ್ಲಿ ಒಪ್ಪಂದ ಜಾರಿಗೆ ಬಂತು. ಅದರ 4ನೇ ವಿಧಿಯ ಜಾಣತನ ನೋಡಿ. ಯಾರ ಹಕ್ಕನ್ನೂ ಅದು ಸರಿ ಅನ್ನುವುದಿಲ್ಲ, ತಪ್ಪು ಅಂತಲೂ ಅನ್ನುವುದಿಲ್ಲ. ಇದ್ದದ್ದು ಇದ್ದ ಹಾಗೇ ಇರಲಿ, ಹೊಸದಾಗಿ ಯಾರೂ ಕೇಳಬೇಡಿ, ಒಪ್ಪಂದ ಇರುವಷ್ಟು ದಿನ ಅಲ್ಲಿ ನೀವು ಏನೇ ಕಟ್ಟಿದರೂ ಅದು ಹಕ್ಕಿಗೆ ಸಾಕ್ಷಿ ಆಗುವುದಿಲ್ಲ ಅನ್ನುತ್ತದೆ. ಅದಿರಿಗಾಗಿ ಕರ್ನಾಟಕ ಮತ್ತು ಆಂಧ್ರದ ಗಡಿ ಗುರುತುಗಳನ್ನೇ ಅಳಿಸಿದ್ದನ್ನು ಕಂಡ ನಮಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ.

ಈಗ 50ಕ್ಕೂ ಹೆಚ್ಚು ದೇಶಗಳು ಒಪ್ಪಂದದಲ್ಲಿವೆ. ತೀರ್ಮಾನ ಮಾಡುವ ಹಕ್ಕು ಇರುವುದು 29ಕ್ಕೆ, ಅವುಗಳಲ್ಲಿ ಭಾರತವೂ ಒಂದು. ನಾವು ಸೇರಿದ್ದು 1983ರ ಆಗಸ್ಟ್‌ನಲ್ಲಿ, ಮುಂದಿನ ತಿಂಗಳೇ ಆ ಹಕ್ಕೂ ಸಿಕ್ಕಿತು.

ಕಾಗದದ ಮೇಲೆ ಬರೆದರೆ ಆಯಿತಾ? ಚೆಕ್ ಮಾಡುವವರು ಯಾರು?

ಒಳ್ಳೆಯ ಪ್ರಶ್ನೆ. ಅಲ್ಲಿ ಪೊಲೀಸ್ ಠಾಣೆ ಇಲ್ಲ, ಕೋರ್ಟ್ ಇಲ್ಲ. ಅದರ ಬದಲು 7ನೇ ವಿಧಿ ಇದೆ. ತೀರ್ಮಾನದ ಹಕ್ಕಿರುವ ಯಾವ ದೇಶ ಬೇಕಾದರೂ ಇನ್ನೊಂದು ದೇಶದ ಸಂಶೋಧನಾ ನಿಲ್ದಾಣಕ್ಕೆ ಯಾವಾಗ ಬೇಕಾದರೂ ಹೋಗಿ ಒಳಗೆಲ್ಲ ನೋಡಬಹುದು, ಹಡಗು, ಉಗ್ರಾಣ, ಸಾಮಾನು ಎಲ್ಲವನ್ನೂ. ಹೀಗೆ ಹೋಗಿ ಬರೆದ ವರದಿಗಳು ಎಲ್ಲರ ಮುಂದೆ ಬರುತ್ತವೆ. ಎಣ್ಣೆ ಟ್ಯಾಂಕ್ ಸೋರುತ್ತಿದೆ, ಹಳೆಯ ಕಸ ಹಾಗೇ ಬಿದ್ದಿದೆ ಅನ್ನುವುದು ಅಲ್ಲಿ ಬಯಲಾಗುತ್ತದೆ. ಸೈನ್ಯದ ನೆಲೆ, ಆಯುಧ ಪರೀಕ್ಷೆ, ಅಣುಸ್ಫೋಟ, ವಿಕಿರಣದ ಕಸ ಹಾಕುವುದು, ಇವೆಲ್ಲಕ್ಕೂ 1959ರಲ್ಲೇ ನಿಷೇಧ.

ದಂಡ ಹಾಕುವವರು ಇಲ್ಲದಿದ್ದರೂ ಹತ್ತು ಜನರ ಎದುರು ಹೆಸರು ಕೆಡುತ್ತದೆ ಅನ್ನುವ ಅಂಜಿಕೆ ಇರುತ್ತದಲ್ಲ, ಅದು ತಕ್ಕಮಟ್ಟಿಗೆ ಕೆಲಸ ಮಾಡಿದೆ. ಪೂರ್ತಿ ಅಲ್ಲ.

ಅಲ್ಲಿ ಅದಿರು ಇದೆಯಾ? ಇದ್ದರೆ ಯಾಕೆ ಬಿಟ್ಟಿದ್ದಾರೆ?

ಸಂಡೂರಿನಲ್ಲಿ ತಪ್ಪದೇ ಬರುವ ಪ್ರಶ್ನೆ. ಇದೆ. ಪೂರ್ವ ಅಂಟಾರ್ಕ್ಟಿಕಾದ ಪ್ರಿನ್ಸ್ ಚಾರ್ಲ್ಸ್ ಬೆಟ್ಟಗಳಲ್ಲಿ ಪಟ್ಟೆ ಪಟ್ಟೆಯಾದ ಕಬ್ಬಿಣದ ಕಲ್ಲು ಇದೆ, ನಮ್ಮ ಸಂಡೂರಿನ ಅದಿರು ಹುಟ್ಟಿದ್ದೂ ಅದೇ ಜಾತಿಯ ಕಲ್ಲಿನಿಂದ. ಟ್ರಾನ್ಸ್ಅಂಟಾರ್ಕ್ಟಿಕ್ ಬೆಟ್ಟಸಾಲಿನಲ್ಲಿ ಕಲ್ಲಿದ್ದಲು ಇದೆ.

ಬಿಟ್ಟ ಕತೆ ಸ್ವಲ್ಪ ಉದ್ದ, ಆದರೆ ಹೇಳಲೇಬೇಕು. 1959ರ ಒಪ್ಪಂದದಲ್ಲಿ ಗಣಿ ಬಗ್ಗೆ ಒಂದು ಮಾತೂ ಇರಲಿಲ್ಲ. 1970ರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಎಲ್ಲರ ಕಣ್ಣು ದಕ್ಷಿಣಕ್ಕೆ ತಿರುಗಿತು. 1982ರಿಂದ ದೇಶಗಳು ಮಾತುಕತೆಗೆ ಕೂತವು. ಗಣಿ ಬೇಡ ಅನ್ನುವ ಮಾತುಕತೆ ಅಲ್ಲ ಅದು, ಗಣಿ ಮಾಡುವುದಾದರೆ ಯಾವ ನಿಯಮದಲ್ಲಿ ಅನ್ನುವುದರ ಮಾತುಕತೆ. ಆರು ವರ್ಷ ಎಳೆದಾಡಿ 1988ರಲ್ಲಿ ವೆಲಿಂಗ್ಟನ್‌ನಲ್ಲಿ ಒಂದು ಕರಾರು ಸಿದ್ಧವಾಯಿತು. ಲೈಸೆನ್ಸ್ ಕೊಡಲು ಒಂದು ವ್ಯವಸ್ಥೆ, ಪರಿಸರಕ್ಕೆ ಷರತ್ತು, ಎಲ್ಲವೂ ಅದರಲ್ಲಿತ್ತು. ದೇಶಗಳು ಅದಕ್ಕೆ ಅಂತಿಮ ಮುದ್ರೆ ಒತ್ತುವುದಷ್ಟೇ ಬಾಕಿ.

ಅಷ್ಟರಲ್ಲಿ 1989 ಬಂತು. ಜನವರಿಯಲ್ಲಿ ಅರ್ಜೆಂಟೀನಾದ ಬಾಹಿಯಾ ಪರಾಯಿಸೊ ಅನ್ನುವ ಹಡಗು ಅಂಟಾರ್ಕ್ಟಿಕಾದ ದಡದಲ್ಲೇ ಬಂಡೆಗೆ ತಾಗಿ ಮುಳುಗಿ ಲಕ್ಷಗಟ್ಟಲೆ ಲೀಟರ್ ಡೀಸೆಲ್ ಸಮುದ್ರಕ್ಕೆ ಚೆಲ್ಲಿತು. ಎರಡು ತಿಂಗಳೊಳಗೆ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಅನ್ನುವ ಎಣ್ಣೆ ಹಡಗು ಒಡೆಯಿತು. ತಣ್ಣನೆಯ ನೀರಿನಲ್ಲಿ ಎಣ್ಣೆ ಬೇಗ ಹೋಗುವುದಿಲ್ಲ ಅನ್ನುವುದನ್ನು ಜಗತ್ತು ಟಿವಿಯಲ್ಲಿ ನೋಡಿತು. ಫ್ರಾನ್ಸಿನಲ್ಲಿ ಸಮುದ್ರ ಸಂಶೋಧಕ ಜಾಕ್ ಕುಸ್ತೊ ಜನರಿಂದ ಸಹಿ ಸಂಗ್ರಹಿಸಿದರು. ಆಸ್ಟ್ರೇಲಿಯಾದ ಪ್ರಧಾನಿ ಬಾಬ್ ಹಾಕ್ ಮತ್ತು ಫ್ರಾನ್ಸಿನ ಪ್ರಧಾನಿ ಮಿಶೆಲ್ ರೊಕಾರ್ ಈ ಕರಾರಿಗೆ ನಾವು ಒಪ್ಪುವುದಿಲ್ಲ ಅಂದುಬಿಟ್ಟರು. ಆರು ವರ್ಷದ ಕೆಲಸ ಅಲ್ಲಿಗೆ ನಿಂತಿತು.

ಅದರ ಜಾಗದಲ್ಲಿ ಬಂದದ್ದು 1991ರ ಅಕ್ಟೋಬರ್ 4ರ ಮ್ಯಾಡ್ರಿಡ್ ಪ್ರೋಟೋಕಾಲ್, ಅಂದರೆ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸೇರಿಸಿದ ಪರಿಸರ ರಕ್ಷಣೆಯ ಕರಾರು. ಅದರ 7ನೇ ವಿಧಿ ಒಂದೇ ವಾಕ್ಯ: ವಿಜ್ಞಾನದ ಸಂಶೋಧನೆ ಬಿಟ್ಟು ಖನಿಜಕ್ಕೆ ಸಂಬಂಧಿಸಿದ ಯಾವ ಕೆಲಸವೂ ನಿಷಿದ್ಧ. 1998ರ ಜನವರಿಯಲ್ಲಿ ಇದು ಜಾರಿಗೆ ಬಂತು.

ಎಲ್ಲಾ ತಯಾರಾಗಿದ್ದ ಕರಾರನ್ನು ಬದಿಗಿಟ್ಟು, ಕೆಲವೇ ವರ್ಷಗಳಲ್ಲಿ ಅದಕ್ಕೆ ಪೂರ್ತಿ ಉಲ್ಟಾ ಒಪ್ಪಂದಕ್ಕೆ ಅದೇ ದೇಶಗಳು ಬಂದವು. ಅಷ್ಟು ದೊಡ್ಡ ಮಟ್ಟದಲ್ಲಿ ಮನಸ್ಸು ಬದಲಾಗುತ್ತದೆ ಅನ್ನುವುದು ನನಗೆ ಬಹಳ ಧೈರ್ಯ ಕೊಟ್ಟ ವಿಷಯ. ನಮ್ಮಲ್ಲಿ ಆದದ್ದು ಬೇರೆ. ಕೋರ್ಟ್ ಬಂದಿತು, ನಿಯಮ ಎಷ್ಟು ಮುರಿದಿವೆ ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿತು, ಸಿ ಗುಂಪಿನ ಗುತ್ತಿಗೆಗಳು ರದ್ದಾದವು, ಗುಡ್ಡ ಸರಿಪಡಿಸಲು ಸಾವಿರಾರು ಕೋಟಿ ರೂಪಾಯಿ ಜಮಾ ಆಯಿತು. ಆ ದುಡ್ಡಿನಿಂದ ಗಿಡ ನೆಡಬಹುದು, ಚೆಕ್ ಡ್ಯಾಂ ಕಟ್ಟಬಹುದು. ಹೋದ ಗುಡ್ಡದ ತುದಿಯನ್ನು ವಾಪಸ್ ತರಲು ಆಗುವುದಿಲ್ಲ.

2048ಕ್ಕೆ ಒಪ್ಪಂದ ಮುಗಿಯುತ್ತಂತೆ, ಆಮೇಲೆ ಲೂಟಿ ಶುರುವಂತೆ?

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಈ ಮಾತು ತಪ್ಪು. ಒಪ್ಪಂದಕ್ಕೂ ಪ್ರೋಟೋಕಾಲ್‌ಗೂ ಕೊನೆಯ ದಿನಾಂಕ ಅಂತ ಇಲ್ಲ. 2048ಕ್ಕೆ ಪ್ರೋಟೋಕಾಲ್ ಜಾರಿಯಾಗಿ 50 ವರ್ಷ ಆಗುತ್ತದೆ. ಅಲ್ಲಿಂದ ಮುಂದೆ, ತೀರ್ಮಾನದ ಹಕ್ಕಿರುವ ಯಾವುದೇ ದೇಶ ಮರುಪರಿಶೀಲನೆ ಸಭೆ ಕರೆಯಿರಿ ಅಂತ ಕೇಳಬಹುದು. ಅಷ್ಟೇ.

ಸಭೆ ಕರೆದರೂ ಗಣಿ ನಿಷೇಧ ತೆಗೆಯುವುದು ಬಲು ಕಷ್ಟ. ಅದರ ಬದಲಿಗೆ ಎಲ್ಲರನ್ನೂ ಕಟ್ಟಿಹಾಕುವ ಗಣಿ ನಿಯಮ ಮೊದಲು ಇರಬೇಕು. ಬದಲಾವಣೆ ಜಾರಿಯಾಗಲು 1991ರಲ್ಲಿ ತೀರ್ಮಾನದ ಹಕ್ಕು ಹೊಂದಿದ್ದ ದೇಶಗಳೆಲ್ಲ ಒಪ್ಪಬೇಕು, ಒಂದೂ ಬಿಡುವಂತಿಲ್ಲ. ಆ ದೇಶಗಳಲ್ಲಿ ಭಾರತವೂ ಇದೆ. ಅಂದರೆ ನಮ್ಮ ಸಂಸತ್ತು, ನಮ್ಮ ಸರ್ಕಾರ ಬೇಡ ಅಂದರೆ ಆ ಬದಲಾವಣೆ ಜಾರಿಗೆ ಬರುವುದಿಲ್ಲ. ಒಂದು ಕಿಂಡಿ ಮಾತ್ರ ಇದೆ: ಅಂಥ ಸಭೆ ಒಪ್ಪಿದ ಬದಲಾವಣೆ ಮೂರು ವರ್ಷದಲ್ಲಿ ಜಾರಿಯಾಗದಿದ್ದರೆ ಒಂದು ದೇಶ ನೋಟಿಸ್ ಕೊಟ್ಟು ಪ್ರೋಟೋಕಾಲ್‌ನಿಂದ ಹೊರನಡೆಯಬಹುದು. ಈಗ ಎಂಟನೇ ಕ್ಲಾಸಿನಲ್ಲಿರುವ ಹುಡುಗರು ಆಗ ಸರ್ಕಾರ ನಡೆಸುವ ವಯಸ್ಸಿಗೆ ಬಂದಿರುತ್ತಾರೆ. ಅದಕ್ಕೇ ಈ ವಿಷಯ ಅವರಿಗೆ ಈಗಲೇ ಗೊತ್ತಿರಲಿ ಅನ್ನುವುದು.

ವಿಜ್ಞಾನಿಗಳೇ ಅಲ್ಲಿ ಗಲೀಜು ಮಾಡುವುದಿಲ್ಲವಾ?

ಮಾಡಿದ್ದಾರೆ. ಹಿಂದೆ ಬಹಳ ಮಾಡಿದ್ದಾರೆ. ಎಷ್ಟೋ ನಿಲ್ದಾಣಗಳು ಕಸವನ್ನು ಬಯಲಲ್ಲಿ ಸುಡುತ್ತಿದ್ದವು, ಹಳೆಯ ಯಂತ್ರಗಳನ್ನು ಸಮುದ್ರದ ಹಿಮದ ಮೇಲಿಟ್ಟು, ಹಿಮ ಒಡೆದಾಗ ಅವು ನೀರಿಗೆ ಹೋಗಲಿ ಅಂತ ಬಿಡುತ್ತಿದ್ದವು. ಅಮೆರಿಕದ ಮ್ಯಾಕ್‌ಮರ್ಡೊ ನಿಲ್ದಾಣದಲ್ಲಿ 1962ರಿಂದ 1972ರವರೆಗೆ ಒಂದು ಅಣು ರಿಯಾಕ್ಟರ್ ಇತ್ತು. ಅದನ್ನು ಮುಚ್ಚಿದ ಮೇಲೆ ವಿಕಿರಣ ತಾಗಿದ ಸಾವಿರಾರು ಟನ್ ಮಣ್ಣು, ಕಲ್ಲನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸ್ ಸಾಗಿಸಬೇಕಾಯಿತು.

ಪ್ರೋಟೋಕಾಲ್ ಬಂದ ಮೇಲೆ ಬಯಲಲ್ಲಿ ಸುಡುವುದು ನಿಂತಿತು. ಬ್ಯಾಟರಿ, ಪ್ಲಾಸ್ಟಿಕ್, ಎಣ್ಣೆ ಡ್ರಮ್, ರಾಸಾಯನಿಕ ಇಂಥವನ್ನೆಲ್ಲ ತಂದವರೇ ವಾಪಸ್ ಒಯ್ಯಬೇಕು. ಏನಾದರೂ ಕಟ್ಟುವ ಮೊದಲು ಪರಿಸರದ ಮೇಲೆ ಏನು ಪರಿಣಾಮ ಅಂತ ವರದಿ ಬರೆಯಬೇಕು. ಕೆಲಸ ದೊಡ್ಡದಾದರೆ ಆ ವರದಿಯ ಕರಡನ್ನು ಉಳಿದ ದೇಶಗಳಿಗೆಲ್ಲ ಓದಲು ಕೊಡಬೇಕು. ಕೀಟನಾಶಕ ಒಯ್ಯುವಂತಿಲ್ಲ. ಪಾರ್ಸೆಲ್‌ನಲ್ಲಿ ತುಂಬುವ ಥರ್ಮೋಕೋಲ್ ಗುಂಡುಗಳನ್ನು ಒಯ್ಯುವಂತಿಲ್ಲ. ಶುದ್ಧ ಮಾಡದ ಮಣ್ಣನ್ನೂ ಒಯ್ಯುವಂತಿಲ್ಲ, ಯಾಕೆಂದರೆ ಒಂದು ಹಿಡಿ ಮಣ್ಣಿನಲ್ಲಿ ಎಷ್ಟು ಜೀವಿಗಳಿರುತ್ತವೆ ಅಂತ ರೈತರಿಗೆ ಹೇಳಬೇಕಿಲ್ಲ. ಬಂಡಿ ಎಳೆಯುವ ನಾಯಿಗಳನ್ನು ಕೂಡ 1994ರ ಏಪ್ರಿಲ್ ಒಳಗೆ ವಾಪಸ್ ಕರೆಸಲಾಯಿತು. ನಾಯಿಗಳ ರೋಗ ಸೀಲ್‌ಗಳಿಗೆ ಹರಡುವ ಭಯ.

ಕೊರತೆಯೂ ಇದೆ. ಸಣ್ಣ ನಿಲ್ದಾಣಗಳ ಕೊಳಚೆ ನೀರು ಈಗಲೂ ಸಂಸ್ಕರಣೆ ಇಲ್ಲದೆ ಸಮುದ್ರಕ್ಕೆ ಹೋಗಬಹುದು, ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಅನಾಹುತ ಮಾಡಿದವರೇ ಖರ್ಚು ಭರಿಸಬೇಕು ಅನ್ನುವ ಪ್ರೋಟೋಕಾಲ್‌ನ ಆರನೇ ಅನುಬಂಧವನ್ನು 2005ರಲ್ಲೇ ಒಪ್ಪಿದ್ದರೂ, ಬೇಕಾದಷ್ಟು ದೇಶಗಳು ಮುದ್ರೆ ಒತ್ತದೆ ಅದು ಇನ್ನೂ ಜಾರಿಗೆ ಬಂದಿಲ್ಲ. ಇಪ್ಪತ್ತು ವರ್ಷ ಆಯಿತು. ಇದು ನಾಚಿಕೆಗೇಡು.

ಭಾರತ ಅಲ್ಲಿ ಏನು ಮಾಡುತ್ತಿದೆ?

ಮೊದಲ ತಂಡ ಹೋಗಿದ್ದು 1981ರಲ್ಲಿ, ಎಸ್. ಝಡ್. ಖಾಸಿಂ ಅವರ ನಾಯಕತ್ವದಲ್ಲಿ. ಮೊದಲ ನಿಲ್ದಾಣ ದಕ್ಷಿಣ ಗಂಗೋತ್ರಿ, ಅದು ಹಿಮದಲ್ಲಿ ಹೂತುಹೋಗುತ್ತಾ ಬಂದಿದ್ದರಿಂದ ಬಿಡಬೇಕಾಯಿತು. 1989ರಿಂದ ಮೈತ್ರಿ, 2012ರಿಂದ ಭಾರತಿ. ಭಾರತಿಯನ್ನು 134 ಹಡಗು ಕಂಟೇನರ್‌ಗಳನ್ನು ಜೋಡಿಸಿ ಕಟ್ಟಿದ್ದಾರೆ, ಮುಂದೊಂದು ದಿನ ಬಿಚ್ಚಿ ತೆಗೆಯುವ ಹಾಗೆ. ಅದು ಇರುವ ಲಾರ್ಸ್‌ಮನ್ ಗುಡ್ಡಗಳಲ್ಲಿ ಚೀನಾ, ರಷ್ಯಾ, ಆಸ್ಟ್ರೇಲಿಯಾದವರೂ ಇದ್ದಾರೆ. ಯಾವ ದಾರಿಯಲ್ಲಿ ಗಾಡಿ ಓಡಿಸಬೇಕು, ಯಾವ ಕೆರೆ ಮುಟ್ಟಬಾರದು ಅಂತ ಎಲ್ಲರೂ ಸೇರಿ ಒಂದು ನಿರ್ವಹಣಾ ಯೋಜನೆ ಮಾಡಿಕೊಂಡಿದ್ದಾರೆ. ಗಡಿಯಲ್ಲಿ ಕಚ್ಚಾಡುವ ದೇಶಗಳು ಅಲ್ಲಿ ಒಂದೇ ಯೋಜನೆಗೆ ಒಪ್ಪಿವೆ.

2022ರಲ್ಲಿ ನಮ್ಮ ಸಂಸತ್ತು ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆ ಮಾಡಿತು. ಅನುಮತಿ ಇಲ್ಲದೆ ಹೋಗುವಂತಿಲ್ಲ. ಖನಿಜಕ್ಕಾಗಿ ಕೊರೆದರೆ, ಹೊರಗಿನ ಗಿಡ ಅಥವಾ ಪ್ರಾಣಿ ಒಯ್ದರೆ ಏಳು ವರ್ಷದವರೆಗೆ ಜೈಲು ಆಗಬಹುದು. ಒಪ್ಪಂದದ ದೇಶಗಳ 46ನೇ ಸಭೆ 2024ರ ಮೇನಲ್ಲಿ ನಮ್ಮ ಕೊಚ್ಚಿಯಲ್ಲೇ ನಡೆಯಿತು.

ಪ್ರವಾಸಕ್ಕೆ ಹೋಗಬಹುದಾ? ಹೋಗುವುದು ತಪ್ಪಾ?

ಹೋಗಬಹುದು. ಹೆಚ್ಚಿನ ಹಡಗುಗಳು ಅರ್ಜೆಂಟೀನಾದ ಉಶುವಾಯಾದಿಂದ ಹೊರಡುತ್ತವೆ. 1990ರ ದಶಕದ ಶುರುವಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಜನವೂ ಹೋಗುತ್ತಿರಲಿಲ್ಲ. 2023-24ರ ಹಂಗಾಮಿನಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿದೆ. ಬಹುತೇಕ ಎಲ್ಲರೂ ಹೋಗುವುದು ಒಂದೇ ಕಡೆಗೆ, ಅಂಟಾರ್ಕ್ಟಿಕ್ ಪರ್ಯಾಯ ದ್ವೀಪಕ್ಕೆ, ಪೆಂಗ್ವಿನ್ ಮರಿ ಸಾಕುವ ಅದೇ ಬೇಸಿಗೆ ತಿಂಗಳುಗಳಲ್ಲಿ.

ನಿಯಮಗಳು ಚೆನ್ನಾಗಿವೆ. ಒಂದು ಸಲಕ್ಕೆ 100ಕ್ಕಿಂತ ಜಾಸ್ತಿ ಜನ ದಡದಲ್ಲಿ ಇರಬಾರದು. 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ. ಪ್ರಾಣಿಗಳಿಂದ ಐದು ಮೀಟರ್ ದೂರ. ಈ ನಿಯಮಗಳಲ್ಲಿ ಎಷ್ಟೋ ಶುರುವಾಗಿದ್ದು 1991ರಲ್ಲಿ ಪ್ರವಾಸ ಕಂಪನಿಗಳು ತಾವೇ ಕಟ್ಟಿಕೊಂಡ ಸಂಘದಿಂದ. ಅವರು ಪ್ರಾಮಾಣಿಕವಾಗಿ ಮಾಡಿದ್ದಾರೆ, ಅದನ್ನು ಒಪ್ಪುತ್ತೇನೆ. ಆದರೆ ವರ್ಷಕ್ಕೆ ಒಟ್ಟು ಎಷ್ಟು ಜನ ಅನ್ನುವುದಕ್ಕೆ ಮಿತಿಯೇ ಇಲ್ಲ, ಆ ಮಿತಿಯನ್ನು ಟಿಕೆಟ್ ಮಾರುವವರು ಹಾಕಲಾರರು, ಸರ್ಕಾರಗಳೇ ಹಾಕಬೇಕು. ಕೊಚ್ಚಿ ಸಭೆಯಲ್ಲಿ ಪ್ರವಾಸಕ್ಕೆ ಒಂದು ಚೌಕಟ್ಟು ಮಾಡುವ ಕೆಲಸಕ್ಕೆ ಕೈ ಹಾಕಿದ್ದಾರೆ. ಬೇಗ ಆಗಲಿ. 2007ರಲ್ಲಿ ಎಕ್ಸ್‌ಪ್ಲೋರರ್ ಅನ್ನುವ ಪ್ರವಾಸಿ ಹಡಗು ಅಲ್ಲೇ ಹಿಮಕ್ಕೆ ತಾಗಿ ಮುಳುಗಿತು. ಹವಾಮಾನ ಚೆನ್ನಾಗಿತ್ತು, ಹತ್ತಿರದಲ್ಲೇ ಬೇರೆ ಹಡಗುಗಳಿದ್ದವು, 154 ಜನರೂ ಉಳಿದರು. ಪ್ರತಿ ಸಲ ಹಾಗೇ ಆಗುತ್ತದೆ ಅನ್ನಲು ಆಗುವುದಿಲ್ಲ.

ಬೂಟು, ಜೇಬು ಎಲ್ಲಾ ಚೆಕ್ ಮಾಡುತ್ತಾರಂತೆ, ಯಾಕೆ?

ಹೊಲದಲ್ಲಿ ನಡೆದು ಬಂದರೆ ಪ್ಯಾಂಟಿಗೆ ಉತ್ತರಾಣಿ ಬೀಜ ಅಂಟುತ್ತದಲ್ಲ, ಅದಕ್ಕೇ. 2007-08ರಲ್ಲಿ ಅಲ್ಲಿಗೆ ಹೋದವರ ಬಟ್ಟೆ, ಬ್ಯಾಗು, ಬೂಟುಗಳನ್ನು ವ್ಯಾಕ್ಯೂಮ್ ಹಾಕಿ ಪರೀಕ್ಷೆ ಮಾಡಿದಾಗ ಒಬ್ಬೊಬ್ಬರ ಮೇಲೆ ಸರಾಸರಿ 9.5 ಬೀಜ ಸಿಕ್ಕವು. ಪ್ರವಾಸಿಗರಿಗಿಂತ ವಿಜ್ಞಾನಿಗಳ ಮೇಲೇ ಜಾಸ್ತಿ. ಯಾಕೆಂದರೆ ಅವರು ಅದೇ ಬೂಟಿನಲ್ಲಿ ಬೇರೆ ಬೇರೆ ಕಾಡುಮೇಡು ಸುತ್ತಿ ಬಂದಿರುತ್ತಾರೆ. ಕಿಂಗ್ ಜಾರ್ಜ್ ದ್ವೀಪದಲ್ಲಿ ಹೊರಗಿನ ಹುಲ್ಲೊಂದು ಈಗಾಗಲೇ ಬೇರು ಬಿಟ್ಟಿದೆ, ಅದನ್ನು ಕೈಯಿಂದ ಕಿತ್ತು ಕಿತ್ತು ತೆಗೆಯಬೇಕಾಗಿದೆ. ಹಿಮ ಸರಿದು ನೆಲ ಬಯಲಾದಷ್ಟೂ ಈ ಕಾಟ ಜಾಸ್ತಿ ಆಗುತ್ತದೆ.

ಇನ್ನು ಹಕ್ಕಿಜ್ವರ. 2025ರ ಆರಂಭದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೂ ಕೋಳಿಗಳಿಗೆ ಬಂದಿತ್ತು, ನೆನಪಿದೆಯಾ? ಎಚ್5ಎನ್1 ವೈರಸ್ 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾ ಖಂಡದಲ್ಲೂ ಖಚಿತವಾಯಿತು. ಅದನ್ನು ಒಯ್ದದ್ದು ಹಾರುವ ಹಕ್ಕಿಗಳು, ಆದರೆ ಮನುಷ್ಯರ ಬೂಟಿನಿಂದ ಒಂದು ಗೂಡಿನಿಂದ ಇನ್ನೊಂದಕ್ಕೆ ಹರಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಕ್ರಿಲ್ ಅಂದರೇನು? ಅದರ ಮೇಲೆ ಯಾಕೆ ಅಷ್ಟು ಜಗಳ?

ಕಿರುಬೆರಳಷ್ಟು ಉದ್ದದ ಸೀಗಡಿಯಂಥ ಜೀವಿ. ತಿಮಿಂಗಿಲ, ಸೀಲ್, ಪೆಂಗ್ವಿನ್ ಎಲ್ಲಕ್ಕೂ ಅದೇ ಊಟ. ಮನುಷ್ಯರು ಅದನ್ನು ಹಿಡಿದು ಸಾಕುಮೀನಿನ ಮೇವು, ಒಮೇಗಾ-3 ಮಾತ್ರೆ ಮಾಡುತ್ತಾರೆ. ಇದಕ್ಕೆ 1980ರಲ್ಲಿ ಬೇರೆಯೇ ಒಂದು ಒಪ್ಪಂದ ಆಯಿತು, 1982ರಿಂದ ಜಾರಿಯಲ್ಲಿದೆ, ಅದರ ಆಯೋಗದಲ್ಲಿ ಭಾರತವೂ ಸದಸ್ಯ. ಅದರ ಒಳ್ಳೆಯ ಗುಣ ಏನೆಂದರೆ, ಎಷ್ಟು ಹಿಡಿಯಬಹುದು ಅಂತ ಲೆಕ್ಕ ಹಾಕುವಾಗ ಅದನ್ನೇ ತಿಂದು ಬದುಕುವ ಪ್ರಾಣಿಗಳಿಗೆ ಎಷ್ಟು ಉಳಿಯಬೇಕು ಅನ್ನುವುದನ್ನೂ ಸೇರಿಸುತ್ತದೆ.

ಮುಖ್ಯವಾಗಿ ಕ್ರಿಲ್ ಹಿಡಿಯುವ ಭಾಗದಲ್ಲಿ ಹಂಗಾಮಿಗೆ 6,20,000 ಟನ್ ಮಿತಿ. ಇದನ್ನು ಒಂದೇ ಕಡೆ ಬಾಚಬಾರದು, ಬೇರೆ ಬೇರೆ ಕಡೆ ಹಂಚಿ ಹಿಡಿಯಬೇಕು ಅನ್ನುವ ನಿಯಮ ಇತ್ತು. 2024ರಲ್ಲಿ ಅದನ್ನು ಮುಂದುವರಿಸಲು ಒಪ್ಪಿಗೆ ಸಿಗದೆ ಬಿದ್ದುಹೋಯಿತು. ಮುಂದಿನ ಹಂಗಾಮಿನಲ್ಲೇ, 2025ರ ಆಗಸ್ಟ್‌ಗೆ, ಮೊದಲ ಬಾರಿ ಮಿತಿ ಮುಟ್ಟಿ ಅವಧಿಗೆ ಮೊದಲೇ ಮೀನುಗಾರಿಕೆ ನಿಲ್ಲಿಸಬೇಕಾಯಿತು. ನಿಯಮ ಸಡಿಲವಾದ ತಕ್ಷಣ ಏನಾಗುತ್ತದೆ ನೋಡಿ.

ಒಬ್ಬರು ಬೇಡ ಅಂದರೆ ಎಲ್ಲಾ ನಿಲ್ಲುತ್ತಾ?

ಹೌದು. ಈ ಮೀನುಗಾರಿಕೆ ಆಯೋಗದಲ್ಲೂ ಅಂಟಾರ್ಕ್ಟಿಕ್ ಒಪ್ಪಂದದ ಸಭೆಯಲ್ಲೂ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. 2016ರಲ್ಲಿ ಎಲ್ಲರೂ ಒಪ್ಪಿ ರಾಸ್ ಸಮುದ್ರದಲ್ಲಿ 15.5 ಲಕ್ಷ ಚದರ ಕಿಲೋಮೀಟರ್ ಜಾಗವನ್ನು ಕಾದಿರಿಸಿದರು, ಇಡೀ ಕರ್ನಾಟಕದ ಎಂಟು ಪಟ್ಟು. ಆಮೇಲೆ ಪೂರ್ವ ಅಂಟಾರ್ಕ್ಟಿಕಾ, ವೆಡೆಲ್ ಸಮುದ್ರ, ಪರ್ಯಾಯ ದ್ವೀಪಕ್ಕೆ ಇಂಥದೇ ಪ್ರಸ್ತಾಪ ಬಂದಾಗ ಚೀನಾ, ರಷ್ಯಾ ವರ್ಷ ವರ್ಷವೂ ತಡೆದಿವೆ. ಮೊದಲೆರಡಕ್ಕೆ ಭಾರತ 2021ರಲ್ಲಿ ಬೆಂಬಲ ಕೊಟ್ಟಿದೆ. 2022ರ ಬರ್ಲಿನ್ ಸಭೆಯಲ್ಲಿ ಎಂಪರರ್ ಪೆಂಗ್ವಿನ್‌ಗೆ ವಿಶೇಷ ರಕ್ಷಣೆ ಕೊಡುವುದನ್ನೂ ಚೀನಾ ತಡೆಯಿತು.

ಹಾಗಾದರೆ ಬಹುಮತ ಸಾಕು ಅಂತ ಮಾಡಬಾರದಾ ಅಂತ ಹುಡುಗರು ಕೇಳುತ್ತಾರೆ. ನನಗೆ ಅದು ಬೇಡ ಅನ್ನಿಸುತ್ತದೆ. ಗಣಿ ನಿಷೇಧವನ್ನು ಇವತ್ತಿಗೂ ಕಾಯುತ್ತಿರುವುದು ಅದೇ ಒಮ್ಮತದ ನಿಯಮ. ಬಹುಮತದಿಂದ ಒಳ್ಳೆಯದನ್ನು ತರಬಹುದಾದರೆ, ಅದೇ ಬಹುಮತದಿಂದ ಇದ್ದದ್ದನ್ನು ಕಿತ್ತುಹಾಕಲೂಬಹುದು.

ಆರ್ಕ್ಟಿಕ್‌ಗೂ ಇದೇ ಒಪ್ಪಂದನಾ?

ಅಲ್ಲ. ಅಂಟಾರ್ಕ್ಟಿಕಾ ಸಮುದ್ರ ಸುತ್ತುವರಿದ ನೆಲ. ಆರ್ಕ್ಟಿಕ್ ನೆಲ ಸುತ್ತುವರಿದ ಸಮುದ್ರ. ಆ ನೆಲಕ್ಕೆ ಮಾಲೀಕ ದೇಶಗಳಿವೆ, ಸುಮಾರು 40 ಲಕ್ಷ ಜನ ಬದುಕುತ್ತಾರೆ. ಇನುಯಿಟ್, ಸಾಮಿ, ನೆನೆಟ್ಸ್ ಸಮುದಾಯಗಳು ಸಾವಿರಾರು ವರ್ಷಗಳಿಂದ ಅಲ್ಲೇ ಇವೆ. ಅಲ್ಲಿ ಎಣ್ಣೆ, ಗ್ಯಾಸ್, ಗಣಿ ಎಲ್ಲವೂ ನಡೆಯುತ್ತಿದೆ.

1996ರಲ್ಲಿ ಎಂಟು ದೇಶಗಳು ಆರ್ಕ್ಟಿಕ್ ಕೌನ್ಸಿಲ್ ಕಟ್ಟಿದವು. ಅದರಲ್ಲಿ ಮೂಲನಿವಾಸಿಗಳ ಆರು ಸಂಘಟನೆಗಳಿಗೆ ಖಾಯಂ ಸ್ಥಾನ ಇದೆ, ದೇಶಗಳ ಜೊತೆ ಅದೇ ಟೇಬಲ್ಲಿನಲ್ಲಿ ಕೂರುತ್ತವೆ. ಗಣಿ ಬಾಧಿತ ಹಳ್ಳಿಯವರನ್ನು ಕೇಳದೇ ತೀರ್ಮಾನ ಮಾಡುವುದನ್ನು ನೋಡಿದ ನನಗೆ ಇದು ಬಹಳ ಇಷ್ಟವಾದ ವ್ಯವಸ್ಥೆ. ಭಾರತ 2013ರಿಂದ ವೀಕ್ಷಕ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ನಮ್ಮ ಹಿಮಾದ್ರಿ ಕೇಂದ್ರ ಇದೆ.

ಇಲ್ಲೂ ಒಂದು ಕಡೆ ಮೊದಲೇ ಬಾಗಿಲು ಹಾಕಿದ್ದಾರೆ. ಹಿಮ ಕರಗಿ ಆರ್ಕ್ಟಿಕ್ ಸಮುದ್ರದ ಮಧ್ಯಭಾಗ ತೆರೆದುಕೊಳ್ಳುತ್ತಿದೆ. ಅಲ್ಲಿ ವ್ಯಾಪಾರದ ಮೀನುಗಾರಿಕೆ ಶುರುವಾಗುವ ಮೊದಲೇ ಒಂಬತ್ತು ದೇಶ ಮತ್ತು ಯುರೋಪಿಯನ್ ಒಕ್ಕೂಟ 2018ರಲ್ಲಿ ಸಹಿ ಹಾಕಿ, 16 ವರ್ಷ ಯಾರೂ ಹಿಡಿಯಬಾರದು, ಮೊದಲು ಅಧ್ಯಯನ ಆಗಲಿ ಅಂದವು. 2021ರಿಂದ ಜಾರಿಯಲ್ಲಿದೆ. ಚೀನಾ, ರಷ್ಯಾ, ಅಮೆರಿಕ ಮೂರೂ ಇದರಲ್ಲಿವೆ.

ಹಡಗುಗಳಿಗೆ 2017ರಿಂದ ಎರಡೂ ಧ್ರುವಕ್ಕೆ ಪೋಲಾರ್ ಕೋಡ್ ಅನ್ನುವ ಸುರಕ್ಷತೆ, ಮಾಲಿನ್ಯದ ನಿಯಮಾವಳಿ ಇದೆ. ಕೊಳಕಾದ ಭಾರೀ ಇಂಧನ ಎಣ್ಣೆಗೆ ಅಂಟಾರ್ಕ್ಟಿಕ್‌ನಲ್ಲಿ 2011ರಿಂದಲೇ ನಿಷೇಧ, ಆರ್ಕ್ಟಿಕ್‌ನಲ್ಲಿ 2024ರ ಜುಲೈನಿಂದ. ಆದರೆ ಆರ್ಕ್ಟಿಕ್‌ನಲ್ಲಿ 2029ರವರೆಗೆ ಎಷ್ಟೋ ಹಡಗುಗಳಿಗೆ ವಿನಾಯಿತಿ ಕೊಟ್ಟಿದ್ದಾರೆ.

ಯುದ್ಧ ಬಂದ ಮೇಲೆ ಏನಾಯಿತು?

2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿದಾಗ ಕೌನ್ಸಿಲ್ಲಿನ ಉಳಿದ ಏಳು ದೇಶಗಳು ಕೆಲಸ ನಿಲ್ಲಿಸಿದವು. ಆಮೇಲೆ ನಿಧಾನವಾಗಿ ಕೆಳಹಂತದ ಕೆಲಸ ಶುರುವಾಗಿದೆ. ಆರ್ಕ್ಟಿಕ್ ಕರಾವಳಿಯ ಅರ್ಧದಷ್ಟು ರಷ್ಯಾದಲ್ಲಿದೆ. ಅಲ್ಲಿನ ಅಳತೆ ಸಿಗದಿದ್ದರೆ ವಿಜ್ಞಾನಿಗಳ ಲೆಕ್ಕ ಅರ್ಧಂಬರ್ಧ.

ನಮ್ಮ ಹೊಲದ ಎಣ್ಣೆ ಅಲ್ಲಿಗೆ ಹೋಗುತ್ತದೆ ಅಂದಿರಲ್ಲ, ಹೇಗೆ?

ಕೆಲವು ರಾಸಾಯನಿಕಗಳು ಬಿಸಿ ಊರಿನಲ್ಲಿ ಆವಿಯಾಗಿ ಮೇಲೇಳುತ್ತವೆ, ತಣ್ಣಗಿನ ಜಾಗದಲ್ಲಿ ಕೆಳಗಿಳಿಯುತ್ತವೆ. ಹೀಗೆ ಏಳುತ್ತಾ ಇಳಿಯುತ್ತಾ ಧ್ರುವ ಸೇರುತ್ತವೆ. ಅಲ್ಲಿ ಚಳಿಗೆ ಬೇಗ ಕೊಳೆಯುವುದಿಲ್ಲ, ಪ್ರಾಣಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಒಂದು ಹನಿ ಡಿಡಿಟಿ ಹೊಡೆಯದ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳಲ್ಲಿ 1960ರ ದಶಕದಲ್ಲೇ ಡಿಡಿಟಿ ಸಿಕ್ಕಿತು. 1980ರ ದಶಕದಲ್ಲಿ ಕೆನಡಾದ ಇನುಯಿಟ್ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಅನ್ನುವ ಕಾರ್ಖಾನೆ ರಾಸಾಯನಿಕ ದಕ್ಷಿಣದ ಪಟ್ಟಣದ ತಾಯಂದಿರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ಅವರು ಯಾವ ಕಾರ್ಖಾನೆಯನ್ನೂ ನಡೆಸಿದವರಲ್ಲ. ಇದನ್ನು ಓದಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಆ ಅನ್ಯಾಯವೇ, ಇಂಥ ಬೇಗ ಕೊಳೆಯದ ವಿಷಗಳನ್ನು ತಡೆಯುವ 2001ರ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಬಲ ಕೊಟ್ಟಿತು.

ಹತ್ತಿ ಬೆಳೆಯುವ ರಾಯಚೂರಿನ ಹಿರಿಯ ರೈತರಿಗೆ ಎಂಡೋಸಲ್ಫಾನ್ ಹೆಸರು ಗೊತ್ತೇ ಇದೆ. ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತ ಅದರಿಂದ ಆದ ಗೋಳೂ ಗೊತ್ತಿದೆ. ಅದರ ಅಂಶ ಆರ್ಕ್ಟಿಕ್‌ನ ಗಾಳಿಯಲ್ಲೂ ಸಿಕ್ಕಿದೆ. 2011ರಲ್ಲಿ ಕರ್ನಾಟಕ ನಿಷೇಧಿಸಿತು, ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ತಡೆಯಿತು, ಅದೇ ವರ್ಷ ಸ್ಟಾಕ್‌ಹೋಮ್ ಪಟ್ಟಿಗೂ ಸೇರಿತು.

ಪಾದರಸದ ಕತೆಯೂ ಹೀಗೇ. ಕಲ್ಲಿದ್ದಲು ಸುಟ್ಟಾಗ ಹೊರಬರುವ ಪಾದರಸ ತಿಂಗಳುಗಟ್ಟಲೆ ಗಾಳಿಯಲ್ಲಿರುತ್ತದೆ, ಭೂಮಿ ಸುತ್ತುತ್ತದೆ. ಶಕ್ತಿನಗರ, ಯರಮರಸ್, ಕುಡತಿನಿ, ಮೂರು ಕಡೆ ದೊಡ್ಡ ಶಾಖೋತ್ಪನ್ನ ಘಟಕ ಇಟ್ಟುಕೊಂಡಿರುವ ನಾವು ಇದನ್ನು ದೂರದ ವಿಷಯ ಅನ್ನುವಂತಿಲ್ಲ. ಚಿಮಣಿಯಲ್ಲಿ ಪಾದರಸ ಘನ ಮೀಟರಿಗೆ 0.03 ಮಿಲಿಗ್ರಾಂ ಮೀರಬಾರದು ಅಂತ 2015ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಪಾದರಸದ ಮೇಲಿನ ಮಿನಮಾಟಾ ಒಪ್ಪಂದಕ್ಕೆ 2018ರಲ್ಲಿ ಭಾರತ ಸೇರಿದೆ. ಚಿಮಣಿಯ ಅಳತೆ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು. ಕೇಳಿ. ಮೊದಲು ಲಾಭ ಆಗುವುದು ಹತ್ತಿರದ ಹಳ್ಳಿಗಳಿಗೇ.

ಸಿಂಧನೂರು, ಗಂಗಾವತಿ ಕಡೆ ಭತ್ತದ ಹುಲ್ಲು ಸುಡುವ ಹೊಗೆಯೂ ಧ್ರುವಕ್ಕೆ ಹೋಗುತ್ತಾ ಅಂತ ಒಬ್ಬರು ಕೇಳಿದರು. ಆರ್ಕ್ಟಿಕ್‌ನ ಮಸಿ ಬಹುಪಾಲು ಉತ್ತರದ ದೇಶಗಳದ್ದೇ. ನಮ್ಮ ದೇಶದ ಹೊಗೆ ಜಾಸ್ತಿ ತಾಗುವುದು ಹಿಮಾಲಯಕ್ಕೆ.

ಇಷ್ಟೆಲ್ಲ ಒಪ್ಪಂದ ಇದ್ದರೂ ಹಿಮ ಕರಗುತ್ತಿದೆಯಲ್ಲ?

ಹೌದು. ಆರ್ಕ್ಟಿಕ್ 1979ರಿಂದೀಚೆಗೆ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. 2023ರಲ್ಲಿ ಅಂಟಾರ್ಕ್ಟಿಕಾದ ಸುತ್ತಲಿನ ಸಮುದ್ರದ ಹಿಮ ದಾಖಲೆ ಮಟ್ಟಕ್ಕೆ ಇಳಿಯಿತು. ಇದನ್ನು ಧ್ರುವದ ಒಪ್ಪಂದಗಳು ನಿಲ್ಲಿಸಲಾರವು. ಇಂಗಾಲ ಸುಡುವುದು ಬೇರೆ ಕಡೆ, ಅದರ ಲೆಕ್ಕ ಬೇರೆ ಟೇಬಲ್ಲಿನಲ್ಲಿ ಆಗುತ್ತದೆ.

ಆದರೆ ಬೇರೆ ಕಡೆಯ ಕೆಲಸದಿಂದ ಧ್ರುವ ಸುಧಾರಿಸಿದ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. 1985ರಲ್ಲಿ ಬ್ರಿಟನ್ನಿನ ಮೂವರು ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೂತಾಗಿದೆ ಅಂದರು. ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಪ್ರೋಟೋಕಾಲ್ ಬಂತು. ಓಝೋನ್ ಪದರವನ್ನು ಹಾಳು ಮಾಡುತ್ತಿದ್ದ ಫ್ರಿಜ್, ಸ್ಪ್ರೇ ಡಬ್ಬಿಗಳ ಅನಿಲ ಬದಲಾಯಿತು. ಈ ಶತಮಾನದ ಮಧ್ಯಭಾಗ ದಾಟಿದ ಮೇಲೆ, ಸುಮಾರು 2066ಕ್ಕೆ, ಆ ತೂತು ಮುಚ್ಚಿ 1980ರ ಸ್ಥಿತಿಗೆ ಬರುತ್ತದೆ ಅನ್ನುವುದು ಈಗಿನ ಅಂದಾಜು. ಬಳ್ಳಾರಿಯ ಅಂಗಡಿಯಲ್ಲಿ ಕೊಂಡ ಫ್ರಿಜ್ ಕೂಡ ಅದರಲ್ಲಿ ಪಾಲುದಾರ.

ನಮ್ಮ ಕಡೆಯ ಹುಡುಗ, ಹುಡುಗಿಯರು ಅಲ್ಲಿಗೆ ಕೆಲಸಕ್ಕೆ ಹೋಗಬಹುದಾ?

ಖಂಡಿತ ಹೋಗಬಹುದು, ವಿಜ್ಞಾನಿಯೇ ಆಗಿರಬೇಕು ಅಂತ ಇಲ್ಲ. ನಿಲ್ದಾಣ ನಡೆಯಬೇಕಾದರೆ ಡೀಸೆಲ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ವೆಲ್ಡರ್, ಕ್ರೇನ್ ಮತ್ತು ಭಾರೀ ವಾಹನ ಓಡಿಸುವವರು, ಅಡುಗೆಯವರು, ಡಾಕ್ಟರು ಎಲ್ಲರೂ ಬೇಕು. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಈ ಕೆಲಸಗಳಿಗೆ ಜಾಹೀರಾತು ಕೊಡುತ್ತದೆ, ಅದರ ವೆಬ್‌ಸೈಟಿನಲ್ಲಿ ನೋಡುತ್ತಿರಿ. ಆಯ್ಕೆಯಾದವರಿಗೆ ಕಟ್ಟುನಿಟ್ಟಾದ ಆರೋಗ್ಯ ತಪಾಸಣೆ ಇರುತ್ತದೆ, ಆಮೇಲೆ ಉತ್ತರಾಖಂಡದ ಔಲಿಯಲ್ಲಿ ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಕಡೆಯವರಿಂದ ಹಿಮದ ತರಬೇತಿ. ಬೇಸಿಗೆ ತಂಡದವರು ಕೆಲವು ತಿಂಗಳಲ್ಲಿ ವಾಪಸ್ ಬರುತ್ತಾರೆ, ಚಳಿಗಾಲಕ್ಕೆ ಉಳಿಯುವವರು ಒಂದು ವರ್ಷದ ಮೇಲೆ ಅಲ್ಲೇ ಇರಬೇಕು.

ತೋರಣಗಲ್ಲು, ಸಂಡೂರು, ಹಟ್ಟಿ ಕಡೆ ಭಾರೀ ಯಂತ್ರ ನಡೆಸಿದ, ಜನರೇಟರ್ ರಿಪೇರಿ ಮಾಡಿದ ಕೈಗಳು ಎಷ್ಟೋ ಇವೆ. ಐಟಿಐ ಅಥವಾ ಡಿಪ್ಲೊಮಾ ಸರ್ಟಿಫಿಕೇಟು, ಅನುಭವ ಪತ್ರ, ಪಾಸ್‌ಪೋರ್ಟ್ ಈ ಮೂರನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ, ಜಾಹೀರಾತು ಬಂದ ಮೇಲೆ ಓಡಾಡಲು ಸಮಯ ಸಾಲುವುದಿಲ್ಲ.